ಸ್ನಾನ ಎಷ್ಟು ಹೊತ್ತಿಗೆ?

(ಒಬ್ಬರು ಮೈಸೂರಿನ ನಿವೃತ್ತ ಹೈಸ್ಕೂಲು ಮೇಷ್ಟ್ರು, ಡೌನ್ ಸಿಂಡ್ರೋಮ್ ಇರುವ 29 ವರ್ಷದ ಮಗಳು ಪುಟ್ಟಿಯ ತಂದೆ. ಇನ್ನೊಬ್ಬರು ಅವರ ಹಳೆಯ ವಿದ್ಯಾರ್ಥಿನಿ. ಬೌದ್ಧಿಕ ಅಂಗವೈಕಲ್ಯ, ಆಟಿಸಂ ಇರುವ ವಯಸ್ಕರಿಗೆ ಸೇವೆಗಳನ್ನು ಹೊಂದಿಸಿಕೊಡುವುದು ಕ್ಯಾಲಿಫೋರ್ನಿಯಾದಲ್ಲಿ ಅವರ ಕೆಲಸ. ರಜೆಗೆ ಊರಿಗೆ ಬಂದಾಗ ನಡೆದ ಮಾತು ಇದು.)

ಮೇಷ್ಟ್ರು: ಒಬ್ಬ ಮನುಷ್ಯನ ಬದುಕಿಗೆ ಸರ್ಕಾರ ಪ್ಲಾನ್ ಬರೆದುಕೊಡೋದು ಅಂದ್ರೆ ನನಗೆ ಸರಿಯಾಗಿ ಅರ್ಥ ಆಗ್ಲಿಲ್ಲಮ್ಮ. ನಮ್ಮಲ್ಲಿ ಪಿಂಚಣಿ ಇದೆ, ಬಸ್ ಪಾಸ್ ಇದೆ, ಒಂದು ಕಾರ್ಡ್ ಇದೆ. ಪ್ಲಾನ್ ಅಂತ ಯಾರೂ ಯಾವತ್ತೂ ಕೇಳಿದ್ದಿಲ್ಲ.

ಶಿಷ್ಯೆ: ಸರ್ಕಾರ ಒಂದೇ ಕೂತು ಬರೀಬಾರದು ಅನ್ನೋದಕ್ಕೇ ಅಲ್ಲಿ ಅಷ್ಟು ಹೋರಾಟ ಆಗಿದ್ದು ಮೇಷ್ಟ್ರೇ. ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಲ್ಯಾಂಟರ್ಮನ್ ಕಾಯ್ದೆ ಬಂತು. ಅದರ ಪ್ರಕಾರ ಈಗ ರಾಜ್ಯದಲ್ಲಿ 21 ರೀಜನಲ್ ಸೆಂಟರ್‌ಗಳಿವೆ. ದುಡ್ಡು ಸರ್ಕಾರದ್ದು, ನಡೆಸೋದು ಲಾಭ ಮಾಡದ ಸಂಸ್ಥೆಗಳು. 18 ತುಂಬೋದರೊಳಗೆ ಕಾಣಿಸಿಕೊಂಡ ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಮೂರ್ಛೆ ರೋಗ, ಇವು ದಿನದ ಬದುಕಿಗೇ ತೊಡಕಾಗೋ ಮಟ್ಟಕ್ಕಿದ್ರೆ ಆ ವ್ಯಕ್ತಿಯ ಜವಾಬ್ದಾರಿ ಜೀವಮಾನಪೂರ್ತಿ ಸೆಂಟರಿನದು. ಒಬ್ಬೊಬ್ಬರಿಗೂ ಒಂದು ವೈಯಕ್ತಿಕ ಯೋಜನೆ ಇರಬೇಕು, ಅದರಲ್ಲಿ ಬರೆದದ್ದು ಸಿಗಬೇಕು. ಬಜೆಟ್ ಸಾಲದು ಅಂತ ಇಲಾಖೆ ಒಂದಿಷ್ಟು ಸೇವೆಗಳನ್ನ ಕತ್ತರಿಸೋಕೆ ಹೊರಟಾಗ ವಿಷಯ ಕೋರ್ಟಿಗೆ ಹೋಯ್ತು. ಇದು ಹಕ್ಕು, ಹಾಗೆ ಸಾರಾಸಗಟಾಗಿ ಕತ್ತರಿಸೋ ಅಧಿಕಾರ ಇಲಾಖೆಗಿಲ್ಲ ಅಂತ 1985ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಹೇಳ್ತು.

ಮೇಷ್ಟ್ರು: ಅಷ್ಟಿದ್ದ ಮೇಲೆ ಇನ್ನೇನು ಬೇಕಮ್ಮ?

ಶಿಷ್ಯೆ: ಹಕ್ಕು ಸಿಕ್ಕಿತು, ಪೆನ್ನು ಮಾತ್ರ ಬಹಳ ಕಾಲ ನಮ್ಮಂಥ ಸಿಬ್ಬಂದಿ ಕೈಯಲ್ಲೇ ಉಳೀತು. ಅವನಿಗೆ ಏನೇನು ಬರಲ್ಲ ಅಂತ ಒಂದು ಪಟ್ಟಿ, ಆ ಪಟ್ಟಿಗೆ ತಕ್ಕ ಗುರಿಗಳು, ಆಮೇಲೆ ಎಲ್ಲಿ ಸೀಟು ಖಾಲಿ ಇದೆಯೋ ಆ ಕೇಂದ್ರಕ್ಕೆ ಅವನು. ಸಲೀನಾಸ್ ಕಣಿವೆ ಅಂತ ಒಂದು ಕಡೆ ಇದೆ. ಮೈಲಿಗಟ್ಟಲೆ ಲೆಟ್ಯೂಸ್ ಸೊಪ್ಪು, ಸ್ಟ್ರಾಬೆರಿ. ಕೊಯ್ಯೋರು ಹೆಚ್ಚಾಗಿ ಮೆಕ್ಸಿಕೊ ಮೂಲದ ಕೂಲಿಯವರು. ಅಂಥ ಮನೆಯವನೊಬ್ಬ, ಮಾತು ಬರಲ್ಲ, ಅಮ್ಮ ತೀರಿಕೊಂಡ ಮೇಲೆ, ಸಿಬ್ಬಂದಿ ನೋಡಿಕೊಳ್ಳೋ, ಕೆಲವರು ಒಟ್ಟಿಗಿರೋ ಗ್ರೂಪ್ ಹೋಮಿಗೆ ಬಂದ. ಅಲ್ಲಿ ಬೆಳಿಗ್ಗೆ ಆರಕ್ಕೆ ಎಲ್ಲರಿಗೂ ಸ್ನಾನ, ಏಳೂವರೆಗೆ ವ್ಯಾನು. ಇವನು ಬಚ್ಚಲ ಬಾಗಿಲು ಒದೀತಿದ್ದ. ಒಂದು ದಿನ ಸ್ನಾನ ಮಾಡಿಸೋಕೆ ಬಂದವರ ಕೈ ಕಚ್ಚಿದ. ಫೈಲಿನಲ್ಲಿ ‘ಆಕ್ರಮಣಕಾರಿ ವರ್ತನೆ’ ಅಂತ ಬಿತ್ತು. ತಿಂಗಳಿಗೆ ಇಷ್ಟು ದಿನ ಪ್ರತಿಭಟಿಸದೆ ಸ್ನಾನ ಮಾಡಬೇಕು ಅನ್ನೋದು ಗುರಿ ಆಯ್ತು. ವರ್ತನೆ ತಜ್ಞರು ಬಂದರು, ಕೊನೆಗೆ ಮಾತ್ರೆಯೂ ಬಂತು.

ಮೇಷ್ಟ್ರು: ಯಾಕೆ ಹಾಗೆ ಮಾಡ್ತಿದ್ದ?

ಶಿಷ್ಯೆ: ಅವನ ಅಕ್ಕನನ್ನ ಕೂರಿಸಿಕೊಂಡು, ಮನೇಲಿದ್ದಾಗ ಅವನ ದಿನ ಹೇಗೆ ಸಾಗ್ತಿತ್ತು ಹೇಳಿ ಅಂದಾಗ ಗೊತ್ತಾಯ್ತು. ಅವರ ಮನೇಲಿ ಬೆಳಿಗ್ಗೆ ಯಾರೂ ಸ್ನಾನ ಮಾಡಲ್ಲ. ಸಂಜೆ ಹೊಲದಿಂದ ಮಣ್ಣು ಮೆತ್ತಿಕೊಂಡು ಬಂದ ಅಪ್ಪನ ಸ್ನಾನ ಮೊದಲು, ಅಪ್ಪನ ಹಿಂದೆಯೇ ಇವನದು, ಆಮೇಲೆ ಎಲ್ಲರೂ ಸೇರಿ ಊಟ. ನಲವತ್ತು ವರ್ಷ ಹಾಗೆ ಬದುಕಿದವನನ್ನ ಕತ್ತಲಲ್ಲಿ ಎಬ್ಬಿಸಿ ನೀರಿಗೆ ನಿಲ್ಲಿಸಿದ್ದರು.

ಮೇಷ್ಟ್ರು: ಸಂಜೆಗೆ ಬದಲಾಯಿಸಿದ್ರೆ ಆಯ್ತಲ್ಲ.

ಶಿಷ್ಯೆ: ಅಷ್ಟು ಸಲೀಸಾಗಿ ಆಗ್ಲಿಲ್ಲ. ಸಂಜೆ ಪಾಳಿಯಲ್ಲಿ ಇರೋದು ಒಬ್ಬರು, ಅಡುಗೆಯೂ ಅವರದೇ. ‘ಸ್ನಾನ ಸಂಜೆ, ಊಟಕ್ಕೆ ಮುಂಚೆ’ ಅಂತ ಯೋಜನೆಯಲ್ಲಿ ಬರೆಸಿ, ಆ ಹೊತ್ತಿಗೆ ಇನ್ನೊಬ್ಬರ ಕೆಲಸದ ಗಂಟೆ ಮಂಜೂರು ಮಾಡಿಸಬೇಕಾಯ್ತು. ಬರೆದದ್ದು ಒಂದೇ ಸಾಲು. ಆದರೆ ಆ ಸಾಲಿಗೆ ಹಣ ಕೊಡಬೇಕು ಅನ್ನೋ ಕಾನೂನಿತ್ತು. ಹೀಗೆ ಆ ಮನುಷ್ಯನಿಂದಲೇ ಶುರುಮಾಡಿ ಬರೆಯೋದಕ್ಕೆ ವ್ಯಕ್ತಿ ಕೇಂದ್ರಿತ ಯೋಜನೆ ಅಂತಾರೆ. ಅದು ಅಂದ್ರೆ ದೊಡ್ಡ ದೊಡ್ಡ ಕನಸು ಬರೆಸೋದು ಅಂತ ತುಂಬ ಜನ ತಿಳಿದಿದ್ದಾರೆ. ನನಗೆ ಅದು ಸ್ನಾನ ಎಷ್ಟು ಹೊತ್ತಿಗೆ ಅನ್ನೋ ಪ್ರಶ್ನೆಯಿಂದ ಶುರುವಾಗುತ್ತೆ.

ಮೇಷ್ಟ್ರು: ಈ ಯೋಚನೆ ಯಾರದು?

ಶಿಷ್ಯೆ: ಒಬ್ಬರದಲ್ಲ. ಸಾವಿರಾರು ಜನರನ್ನ ಒಟ್ಟಿಗೆ ಇಟ್ಟಿದ್ದ ದೊಡ್ಡ ಸಂಸ್ಥೆಗಳನ್ನ ಮುಚ್ಚೋ ಹೊತ್ತಿನಲ್ಲಿ ಹುಟ್ಟಿದ್ದು. ಸ್ಯಾನ್ ಹೊಸೆ ಹತ್ತಿರ ಆಗ್ನ್ಯೂಸ್ ಅಂತ ಒಂದಿತ್ತು. 19ನೇ ಶತಮಾನದಲ್ಲಿ ಮಾನಸಿಕ ರೋಗಿಗಳಿಗೆ ಅಂತ ಕಟ್ಟಿದ್ದು. 1906ರ ಭೂಕಂಪದಲ್ಲಿ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಮತ್ತೆ ಕಟ್ಟಿದರು, ಆಮೇಲೆ ಬೌದ್ಧಿಕ ಅಂಗವೈಕಲ್ಯ ಇರೋರನ್ನ ಇಟ್ಟರು, ಕೊನೆಗೆ 2009ರಲ್ಲಿ ಮುಚ್ಚಿದರು. ಅದರ ಒಂದು ಭಾಗದ ಜಾಗದಲ್ಲಿ ಈಗ ಸಾಫ್ಟ್‌ವೇರ್ ಕಂಪನಿಯ ಕ್ಯಾಂಪಸ್ ಇದೆ. ಅಂಥ ಕಡೆಗಳಿಂದ ಹೊರಬಂದವರ ಫೈಲುಗಳಲ್ಲಿ ಔಷಧಿ, ತೂಕ, ಐಕ್ಯೂ, ಜಗಳ ಎಲ್ಲ ಇರ್ತಿತ್ತು. ಯಾರ ಜೊತೆ ಕೂತ್ರೆ ಊಟ ಸೇರುತ್ತೆ ಅನ್ನೋದು ಇರ್ತಿರಲಿಲ್ಲ. ಇವರು ಊರೊಳಗೆ ಬಾಳೋಕೆ ಸಾಧ್ಯವೇ ಇಲ್ಲ ಅಂತ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದ ಜನರಿಗೋಸ್ಕರ ಮೇರಿಲ್ಯಾಂಡಿನಲ್ಲಿ ಮೈಕೆಲ್ ಸ್ಮಲ್, ಸೂಸನ್ ಬರ್ಕ್ ಹ್ಯಾರಿಸನ್ ಇಬ್ಬರೂ 1980ರ ದಶಕದ ಕೊನೆಯಲ್ಲಿ ಒಂದು ಕ್ರಮ ಕಂಡುಕೊಂಡರು. ಎರಡು ಪ್ರಶ್ನೆ. ಈ ಮನುಷ್ಯನ ಮನಸ್ಸಿಗೆ ಯಾವುದು ಮುಖ್ಯ? ಇವನ ಕ್ಷೇಮಕ್ಕೆ ಯಾವುದು ಮುಖ್ಯ? ನಮ್ಮ ಫೈಲುಗಳಲ್ಲಿ ಎರಡನೆಯದು ಮಾತ್ರ ತುಂಬಿರುತ್ತೆ. ನಿಮ್ಮ ಪುಟ್ಟಿ ಫೈಲು ತೆಗೆದು ನೋಡಿ, ಥೈರಾಯ್ಡ್ ಮಾತ್ರೆ ಎಷ್ಟು ಮೈಕ್ರೋಗ್ರಾಂ ಅಂತ ಇರುತ್ತೆ.

ಮೇಷ್ಟ್ರು: ಇರಲೇಬೇಕಲ್ಲಮ್ಮ. ಅದು ತಪ್ಪಿದ್ರೆ ಮೈ ಊದಿಕೊಂಡು ಮಲಗಿಬಿಡ್ತಾಳೆ.

ಶಿಷ್ಯೆ: ಇರಲೇಬೇಕು. ಒಂದಕ್ಕೋಸ್ಕರ ಇನ್ನೊಂದನ್ನ ಬಿಡಿ ಅಂತ ಅವರಿಬ್ಬರೂ ಹೇಳಲಿಲ್ಲ, ಎರಡನ್ನೂ ಒಂದೇ ಹಾಳೆಯಲ್ಲಿ ಬರೀರಿ ಅಂದರು. ಅದೇ ಕಾಲಕ್ಕೆ ಜಾನ್ ಓಬ್ರಯನ್, ಬೆತ್ ಮೌಂಟ್ ಅಂಥವರು ಸಭೆಯ ರೂಪವನ್ನೇ ಬದಲಾಯಿಸಿದರು. ಅಧಿಕಾರಿಯ ಮೇಜಿನ ಮೇಲಿನ ಫೈಲು ಹೋಗಿ ಗೋಡೆಗೆ ದೊಡ್ಡ ಹಾಳೆ ಬಂತು, ಓದು ಬಾರದವರಿಗೂ ಕಾಣೋ ಹಾಗೆ ಚಿತ್ರದಲ್ಲಿ ಬರೆಯೋದು ಬಂತು. ಟೊರಾಂಟೊದಲ್ಲಿ ಜುಡಿತ್ ಸ್ನೋ ಅಂತ ಇದ್ದರು. ತೀವ್ರ ಅಂಗವೈಕಲ್ಯ ಇದ್ದ ವಿದ್ಯಾವಂತೆ. ಆರೈಕೆ ಸಿಗದೆ ಸಂಸ್ಥೆಯೊಂದರಲ್ಲಿ ಸೊರಗಿ ಹೋಗ್ತಿದ್ದಾಗ ಗೆಳೆಯರು ಸುತ್ತ ಕೂತು, ಸರ್ಕಾರದ ಜೊತೆ ಜಗಳ ಆಡಿ, ಸ್ವಂತ ಮನೆಯಲ್ಲಿ ಇರೋ ಹಾಗೆ ಮಾಡಿದರು. ಬೆಂಬಲದ ಬಳಗ ಅನ್ನೋ ಕಲ್ಪನೆಗೆ ಅವರ ಬದುಕೇ ದೊಡ್ಡ ಮಾದರಿ ಆಯ್ತು.

ಮೇಷ್ಟ್ರು: ಆಕೆಗೆ ಮಾತು ಇತ್ತು, ಓದಿದ್ದರು. ನಮ್ಮ ಪುಟ್ಟಿಗೆ ಹತ್ತಿಪ್ಪತ್ತು ಪದ ಬಂದರೆ ಹೆಚ್ಚು. ನಿನಗೆ ಏನು ಬೇಕು ಅಂತ ಕೇಳಿದ್ರೆ ಕೊನೇಲಿ ಕಿವಿಗೆ ಬಿದ್ದಿದ್ದನ್ನೇ ಹೇಳ್ತಾಳೆ. ‘ಕಾಫಿ ಬೇಕೋ ಹಾಲು ಬೇಕೋ’ ಅಂದ್ರೆ ‘ಹಾಲು’. ‘ಹಾಲೋ ಕಾಫಿಯೋ’ ಅಂದ್ರೆ ‘ಕಾಫಿ’. ಇಂಥವಳನ್ನ ಏನಂತ ಕೇಳಲಿ?

ಶಿಷ್ಯೆ: ಹಾಗಿದ್ರೆ ಕೇಳೋದು ಬಿಟ್ಟು ನೋಡಬೇಕು ಮೇಷ್ಟ್ರೇ. ಒಂದು ಹಾಳೇಲಿ ನಾಲ್ಕು ಕಾಲಂ ಎಳೀತೀವಿ. ಯಾವಾಗ ಆಗುತ್ತೆ, ಆಗ ಅವಳು ಏನು ಮಾಡ್ತಾಳೆ, ಅದರ ಅರ್ಥ ಏನಿರಬಹುದು, ನಾವು ಏನು ಮಾಡಬೇಕು. ಮೂರನೇ ಕಾಲಮ್ಮನ್ನ ಪೆನ್ಸಿಲಿನಲ್ಲಿ ಬರೀರಿ, ಅದು ಊಹೆ. ಈಗಲೇ ಒಂದು ಬರೆಯೋಣ. ಅವಳು ಯಾವುದಕ್ಕೆ ಹಠ ಮಾಡ್ತಾಳೆ?

ಮೇಷ್ಟ್ರು: ಗೇಟಿಗೆ. ಹತ್ತು ಗಂಟೆ ಆಸುಪಾಸು ಹೋಗಿ ಚಿಲಕ ಅಲ್ಲಾಡಿಸ್ತಾಳೆ. ತೆಗೀದೇ ಇದ್ರೆ ಕಿರುಚ್ತಾಳೆ.

ಶಿಷ್ಯೆ: ಹತ್ತು ಗಂಟೆಗೆ ನಿಮ್ಮ ಬೀದೀಲಿ ಏನಿರುತ್ತೆ?

ಮೇಷ್ಟ್ರು: ಏನಿರುತ್ತೆ... ಹೂವಿನವಳು ಬರ್ತಾಳೆ. ಎದುರುಮನೆ ಜಗಲಿ ಮೇಲೆ ಬುಟ್ಟಿ ಇಳಿಸಿ ಸ್ವಲ್ಪ ಹೊತ್ತು ಕಟ್ತಾ ಕೂರ್ತಾಳೆ. ನಮ್ಮನೆಯವಳು ಒಂದು ಮೊಳ ಮಲ್ಲಿಗೆ ತಗೋತಾಳೆ. ಆಗ ಪುಟ್ಟಿ ತನ್ನ ಕೈ ನೀಡಿಬಿಡ್ತಾಳೆ. ಹೂವಿನವಳು ಅವಳ ಮೊಣಕೈಗೆ ಮಾಲೆಯ ತುದಿ ಹಿಡಿದು ನಡುಬೆರಳಿನ ತನಕ ಅಳೀತಾಳೆ. ಪುಟ್ಟಿ ಕೈ ಗಿಡ್ಡ, ಅದಕ್ಕೆ ಬೆರಳು ದಾಟಿ ಇನ್ನೆರಡು ಅಂಗುಲ ಬಿಟ್ಟು ಕತ್ತರಿಸ್ತಾಳೆ. ಅಷ್ಟು ಹೊತ್ತೂ ಇವಳು ಕೈ ಅಲ್ಲಾಡಿಸಲ್ಲ.

ಶಿಷ್ಯೆ: ಸ್ಪೆಷಲ್ ಸ್ಕೂಲಿನ ರಿಪೋರ್ಟಿನಲ್ಲಿ ಅವಳ ಗಮನದ ಬಗ್ಗೆ ಏನು ಬರೆದಿದ್ದರು?

ಮೇಷ್ಟ್ರು: ಒಂದು ಕಡೆ ಐದು ನಿಮಿಷ ಕೂರಲ್ಲ ಅಂತ. ಹೂವಿನವಳ ಹತ್ತಿರ ಬಿಟ್ಟರೆ ಬುಟ್ಟಿ ಎತ್ತೋ ತನಕ ಕೂರ್ತಾಳೆ, ಅದು ನಿಜ. ಹಾಗಾದ್ರೆ ಹೂ ಕಟ್ಟೋದು ಕಲಿಸೋಣ ಅಂತೀಯ? ಒಂದು ಉದ್ಯೋಗ ಆದ ಹಾಗೂ ಆಯ್ತು.

ಶಿಷ್ಯೆ: ಈಗಲೇ ಬೇಡ. ನಮ್ಮ ಕ್ಷೇತ್ರದಲ್ಲಿ ಇರೋ ಕೆಟ್ಟ ಅಭ್ಯಾಸ ಅದು, ಇಷ್ಟ ಅಂತ ಕಂಡ ಕೂಡಲೇ ಅದನ್ನ ತರಬೇತಿ ಮಾಡಿಬಿಡೋದು. ಹತ್ತು ಮಾಲೆಗೆ ಎಂಟು ಸರಿಯಾಗಿ ಕಟ್ಟಬೇಕು ಅಂತ ಗುರಿ ಹಾಕಿದ ದಿನವೇ ಅವಳಿಗೆ ಹೂವಿನ ಸಹವಾಸ ಸಾಕಾಗುತ್ತೆ. ಅವಳಿಗೆ ಬೇಕಾಗಿರೋದು ಹೂವೋ, ಆಕೆಯೋ, ಕೈ ಮೇಲೆ ಅಳೆಸಿಕೊಳ್ಳೋದೋ, ಬೀದಿಯಲ್ಲಿ ನಾಲ್ಕು ಜನರ ನಡುವೆ ಕೂರೋದೋ ನಮಗಿನ್ನೂ ಗೊತ್ತಿಲ್ಲ. ಹತ್ತು ಗಂಟೆಗೆ ಗೇಟು ತೆಗೀಬೇಕು ಅನ್ನೋದಷ್ಟು ಗೊತ್ತು. ಅಷ್ಟನ್ನೇ ಬರೀರಿ. ಮುಂದೆ ಅವಳಿಗೆ ಕೆಲಸ ಬೇಕು ಅನ್ನಿಸಿದ್ರೆ ಅದು ಸಂಬಳದ ಕೆಲಸವೇ ಆಗಲಿ. ಅಂಗವಿಕಲರಿಗೆ ಕನಿಷ್ಠ ಕೂಲಿಗಿಂತ ಕಡಿಮೆ ಕೊಡೋ ಪದ್ಧತಿಯನ್ನ ಕ್ಯಾಲಿಫೋರ್ನಿಯಾ 2025ಕ್ಕೆ ಪೂರ್ತಿ ನಿಲ್ಲಿಸ್ತು. ಅದಕ್ಕೂ ದಶಕಗಟ್ಟಲೆ ಜಗಳ ಆಡಬೇಕಾಯ್ತು.

ಮೇಷ್ಟ್ರು: ಗೇಟು ತೆಗೀಬೇಕು ಅಂತ ಹೇಳೋದು ಸುಲಭ. ಎದುರುಮನೆ ಜಗಲಿಗೆ ಹೋಗೋಕೆ ರಸ್ತೆ ದಾಟಬೇಕು. ಆ ರಸ್ತೇಲಿ ಹುಡುಗರು ಬೈಕ್ ಓಡಿಸೋದು ನೀನು ನೋಡಿಲ್ಲ. ನೀನು ರಜೆ ಮುಗಿಸಿ ವಿಮಾನ ಹತ್ತುತ್ತೀಯ. ಏನಾದ್ರೂ ಆದ್ರೆ ಅನುಭವಿಸೋರು ನಾವು.

ಶಿಷ್ಯೆ: ಅದು ಸರಿ. ನಿಮ್ಮ ಭಯವನ್ನ ಪಕ್ಕಕ್ಕಿಡಿ ಅಂತ ಹೇಳೋ ಯೋಗ್ಯತೆ ನನಗಿಲ್ಲ. ಭಯವನ್ನೂ ಹಾಳೇಲಿ ಬರೀರಿ ಅಂತೀನಿ. ಯಾವ ಹೊತ್ತಿನಲ್ಲಿ ಬೈಕು ಹೆಚ್ಚು, ದಾಟುವಾಗ ಯಾರು ಜೊತೆಗಿರ್ತಾರೆ, ಯಾರೂ ಇಲ್ಲದ ದಿನ ಏನು ಮಾಡೋದು. 1972ರಲ್ಲೇ ರಾಬರ್ಟ್ ಪರ್ಸ್ಕಿ ಅನ್ನೋರು ಅಪಾಯಕ್ಕೆ ಒಡ್ಡಿಕೊಳ್ಳೋದರಲ್ಲೂ ಮನುಷ್ಯನ ಘನತೆ ಇದೆ ಅಂತ ವಾದಿಸಿದ್ದರು. ನಾನು ಅದನ್ನ ಒಪ್ತೀನಿ. ಆದರೆ ಆ ಮಾತನ್ನ ನೆಪ ಮಾಡಿಕೊಂಡು ಜನರನ್ನ ನಡುಬೀದೀಲಿ ಕೈಬಿಟ್ಟ ಸಂಸ್ಥೆಗಳನ್ನೂ ನೋಡಿದ್ದೀನಿ. ಎಷ್ಟು ಅಪಾಯ ತಡಕೊಳ್ಳಬಹುದು ಅನ್ನೋದನ್ನ ಅವಳ ಜೊತೆ ದಿನಾ ಬಾಳೋರು ಕೂತು ನಿರ್ಧರಿಸಬೇಕು.

ಮೇಷ್ಟ್ರು: ಅಲ್ಲಿ ನಮ್ಮ ಕನ್ನಡದ ಮನೆಗಳೂ ನಿನ್ನ ಹತ್ತಿರ ಬರ್ತಾವಾ?

ಶಿಷ್ಯೆ: ಬರ್ತಾವೆ. ಸಭೆಗೆ ಕನ್ನಡದ ದುಭಾಷಿ ಬೇಕು ಅಂತ ಕೇಳೋದಕ್ಕೂ ಅವಕಾಶ ಇದೆ, ಅಜ್ಜಿ ತಾತ ಇರೋ ಮನೆಯವರು ಕೇಳಲೇಬೇಕು. ಒಂದು ಮನೆಯ ವಿಷಯ ಹೇಳ್ತೀನಿ, ಗುರುತು ಬಿಡಿ. ಆಟಿಸಂ ಇರೋ 26 ವರ್ಷದ ಮಗ, ಶುದ್ಧ ಸಸ್ಯಾಹಾರಿ ಮನೆ. ಹಗಲು ಕೇಂದ್ರದಲ್ಲಿ ಪಕ್ಕದವರ ತಟ್ಟೆಯಿಂದ ಕೋಳಿ ತುಂಡು ಎತ್ತಿಕೊಂಡು ತಿಂತಾನೆ. ಒಂದು ಸಲ ಅಲ್ಲ, ಸಿಕ್ಕಾಗಲೆಲ್ಲ. ಅದನ್ನ ತಡೆಯೋಕೆ ಸಿಬ್ಬಂದಿ ಅವನನ್ನ ಒಬ್ಬನನ್ನೇ ಬೇರೆ ಮೇಜಿಗೆ ಕೂರಿಸಿದರು. ಯೋಜನೆಯಲ್ಲಿ ‘ಸಸ್ಯಾಹಾರಿ’ ಅಂತಿತ್ತು. ಹಾಗಂತ ಬರೆಸಿದ್ದು ತಾಯಿ.

ಮೇಷ್ಟ್ರು: ತಾಯಿ ಬರೆಸಿದ್ದರಲ್ಲಿ ತಪ್ಪೇನಿದೆ? ಮನೆಯ ಆಚಾರ ಅದು. ಅವನಿಗೆ ತಿಳಿಯುತ್ತಾ?

ಶಿಷ್ಯೆ: ನಾನೂ ತಪ್ಪು ಅನ್ನಲಿಲ್ಲ. ವ್ಯಕ್ತಿ ಕೇಂದ್ರಿತ ಅಂದಾಕ್ಷಣ ಮನೆಯನ್ನೂ ಧರ್ಮವನ್ನೂ ಬಿಟ್ಟು ಒಂಟಿ ಮನುಷ್ಯನನ್ನ ನಿಲ್ಲಿಸಿಕೊಳ್ಳೋದು ಅಂತ ಅಮೆರಿಕದವರೇ ಕೆಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಹಬ್ಬದ ದಿನ ಮಡಿ ಉಟ್ಟ ಅಜ್ಜಿಯ ಪಕ್ಕ ಕೂತು ಪಾಯಸ ತಿನ್ನೋದೂ ಅವನಿಗೆ ಅಷ್ಟೇ ಪ್ರೀತಿ. ಅದನ್ನ ಕಳಕೊಳ್ಳೋ ಹಾಗೆ ಮಾಡಿದ್ರೆ ಅದೂ ಅನ್ಯಾಯ. ನಾನು ಕೇಳಿದ್ದು ಒಂದೇ, ನಿಮ್ಮ ದೊಡ್ಡ ಮಗ ಏನು ತಿಂತಾನೆ ಅಂತ. ತುಂಬ ಹೊತ್ತು ಸುಮ್ಮನಿದ್ದು, ‘ಹೊರಗಡೆ ತಿಂತಾನೆ, ನಾವು ಕೇಳಲ್ಲ’ ಅಂದರು. ದೊಡ್ಡವನಿಗೆ ಯಾವ ಸಭೆಯೂ ನಡೆದಿರಲಿಲ್ಲ, ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಕಾಲೇಜಿಗೆ ಹೋದ, ಗೆಳೆಯರ ಜೊತೆ ತಿಂದ, ಮನೆಗೆ ಬಂದು ಅಮ್ಮನ ಸಾರನ್ನ ಉಂಡ. ಚಿಕ್ಕವನಿಗೆ ಅಂಥ ಹೊರಗಡೆ ಅನ್ನೋದೇ ಇರಲಿಲ್ಲ. ಅವನು ಬಾಯಿಗಿಡೋ ಪ್ರತಿ ತುತ್ತೂ ಯಾರೋ ಬರೆದಿಡೋ ತುತ್ತು.

ಮೇಷ್ಟ್ರು: ಕೊನೆಗೆ ಏನಾಯ್ತು?

ಶಿಷ್ಯೆ: ಮನೆಯೊಳಗೆ ಬೇಡ, ಹೊರಗೆ ಅವನಿಷ್ಟ ಅಂತ ತಂದೆ ಒಪ್ಪಿದರು. ತಾಯಿ ಅವತ್ತು ಸಹಿ ಹಾಕಲಿಲ್ಲ. ಆಮೇಲೆ ಹಾಕಿದರು, ಆದರೆ ಅವರಿಗೆ ಈಗಲೂ ಸಂಕಟ ಇದೆ. ಅಮ್ಮನ ಸಂಕಟ ಒಂದು ಸಭೇಲಿ ಪರಿಹಾರ ಆಗೋ ಅಂಥದ್ದಲ್ಲ.

ಮೇಷ್ಟ್ರು: ಅಲ್ಲಿ ಎಲ್ಲ ಯೋಜನೆಗಳೂ ಹೀಗೇ ಮನಸ್ಸಿಟ್ಟು ಬರೆದಿರ್ತಾರಾ?

ಶಿಷ್ಯೆ: ಇಲ್ಲ ಮೇಷ್ಟ್ರೇ. 2014ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಒಂದು ನಿಯಮ ತಂತು. ಮನೆಯಲ್ಲಿ, ಊರೊಳಗೆ ಕೊಡೋ ಸೇವೆಗೆ ಮೆಡಿಕೆಯ್ಡ್ ಅನ್ನೋ ಸರ್ಕಾರಿ ಆರೋಗ್ಯ ಯೋಜನೆಯ ಹಣ ಬೇಕಾದ್ರೆ ವ್ಯಕ್ತಿ ಕೇಂದ್ರಿತ ಯೋಜನೆ ಕಡ್ಡಾಯ. ಗ್ರೂಪ್ ಹೋಮಿನ ಕೋಣೆಗೆ ಬೀಗ ಇರಬೇಕು, ಒಳಗಿರೋನ ಕೈಯಲ್ಲಿ ಕೀಲಿ ಇರಬೇಕು. ಹಸಿವಾದಾಗ ತಿನ್ನೋಕೆ ಸಿಗಬೇಕು, ಯಾವ ಹೊತ್ತಿಗಾದ್ರೂ ನೆಂಟರು ಬರಬಹುದು. ತುಂಬ ಒಳ್ಳೆಯ ನಿಯಮ, ಅದನ್ನ ಓದಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು. ಆದರೆ ಕಡ್ಡಾಯ ಅಂದ ಕೂಡಲೇ ಫಾರಂ ಬಂತು. ಈ ಹಣದಲ್ಲಿ ಸೇವೆ ಪಡೆಯೋರಾದ್ರೆ ಒಬ್ಬ ಸಂಯೋಜಕರಿಗೆ ಸರಾಸರಿ 62 ಜನಕ್ಕಿಂತ ಹೆಚ್ಚಿರಬಾರದು ಅನ್ನುತ್ತೆ ಕ್ಯಾಲಿಫೋರ್ನಿಯಾದ ಕಾನೂನು. ಅಷ್ಟೇ ಇದ್ದರೂ ಅಷ್ಟು ಜನರ ಸ್ನಾನದ ಹೊತ್ತು ಒಬ್ಬರಿಗೆ ತಿಳಿಯೋದು ಹೇಗೆ? ಒಂದು ಕಡೆ ಹುಡುಗಿಯೊಬ್ಬಳ ಯೋಜನೆಯ ನಡುವೆ ಬೇರೆ ಯಾರದೋ ಹೆಸರು ಉಳಿದಿದ್ದು ನೋಡಿದೆ. ಒಬ್ಬರ ಬದುಕನ್ನ ನಕಲು ಮಾಡಿ ಇನ್ನೊಬ್ಬರಿಗೆ ಅಂಟಿಸಿದ್ದರು. ಅದು ನನಗೆ ಫಾರಂ ಇಲ್ಲದೇ ಇರೋದಕ್ಕಿಂತ ದೊಡ್ಡ ಅವಮಾನ ಅನ್ನಿಸ್ತು. ಹಣವನ್ನೇ ವ್ಯಕ್ತಿಯ ಲೆಕ್ಕಕ್ಕೆ ಕೊಟ್ಟು, ಯಾವ ಸೇವೆಗೆ ಎಷ್ಟು ಅನ್ನೋದನ್ನ ಅವರೇ ನಿರ್ಧರಿಸೋ ಕಾರ್ಯಕ್ರಮವೂ ಬಂದಿದೆ. 2013ರಲ್ಲಿ ಕಾನೂನಾಯ್ತು, ಎಲ್ಲರಿಗೂ ತೆರೆದದ್ದು 2021ರಲ್ಲಿ. ಓಡಾಡಿ ಮಾಡಿಸೋ ತಾಕತ್ತಿರೋ ಮನೆಗಳಿಗೆ ಅದು ವರ. ಎರಡು ಕೆಲಸ ಮಾಡೋ ಒಂಟಿ ತಾಯಿಗೆ ಅಷ್ಟು ಕಾಗದಪತ್ರ ನೋಡಿಕೊಳ್ಳೋಕೆ ಪುರುಸೊತ್ತೆಲ್ಲಿ?

ಮೇಷ್ಟ್ರು: ನಮ್ಮಲ್ಲಿ ಫಾರಮ್ಮೂ ಇಲ್ಲ, ಹಣವೂ ಇಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಡಿ.ಸಿ. ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಿ ಪೋಷಕ ಅಂತ ಸರ್ಟಿಫಿಕೇಟ್ ತಗೊಂಡೆ. ಬ್ಯಾಂಕಿನಿಂದ ಹಿಡಿದು ಎಲ್ಲ ಕಡೆಯೂ ಸಹಿ ನನ್ನದೇ. ಅವಳಿಗೆ 18 ತುಂಬಿದ ಮೇಲೆ ಯಾವ ಕಚೇರಿಯೂ ಅವಳ ಮುಖ ನೋಡಿ ಮಾತಾಡಿಲ್ಲ.

ಶಿಷ್ಯೆ: ಆ ಕಾಯ್ದೆ 1999ರದು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನ ಭಾರತ 2007ರಲ್ಲಿ ಒಪ್ಪಿಕೊಂಡಿತು. ಆಮೇಲೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್ ಸೀಮಿತ ಪೋಷಕತ್ವದ ಮಾತಾಡುತ್ತೆ. ಪೋಷಕರು ಮತ್ತು ಆ ವ್ಯಕ್ತಿ, ಇಬ್ಬರೂ ಪರಸ್ಪರ ನಂಬಿಕೆಯಿಂದ ಕೂಡಿ ತೀರ್ಮಾನಿಸಬೇಕು ಅನ್ನೋದು ಅದರ ತಿರುಳು. ನಿಮ್ಮ ಸರ್ಟಿಫಿಕೇಟ್ ಇರಲಿ, ಬ್ಯಾಂಕಿಗೆ ಬೇಕು. ಹತ್ತು ಗಂಟೆಗೆ ಗೇಟು ಹಾಕಿರಬೇಕೋ ತೆಗೆದಿರಬೇಕೋ ಅಂತ ಅದರಲ್ಲಿ ಬರೆದಿಲ್ಲ.

ಮೇಷ್ಟ್ರು: ಒಂದು ಮಾತು ಹೇಳ್ತೀನಿ ಕೇಳು. ನನಗೆ ಎಪ್ಪತ್ತು ದಾಟಿತು. ರಾತ್ರಿ ಎಚ್ಚರ ಆದಾಗಲೆಲ್ಲ ತಲೇಲಿ ಬರೋದು ಒಂದೇ, ನಮ್ಮ ನಂತರ ಇವಳ ಗತಿ ಏನು ಅಂತ. ಇಂಥ ಮಕ್ಕಳ ಅಪ್ಪ ಅಮ್ಮ ಇಬ್ಬರು ಸೇರಿದ್ರೆ ಇದೇ ಮಾತು. ನಿನ್ನ ನಾಲ್ಕು ಕಾಲಂ ಅದಕ್ಕೆ ಏನು ಹೇಳುತ್ತೆ?

ಶಿಷ್ಯೆ: ಹಣದ ಪ್ರಶ್ನೆಗೆ ಅದು ಉತ್ತರ ಕೊಡಲ್ಲ. ಅದನ್ನ ಸರ್ಕಾರ ಕೊಡಬೇಕು, ಕೊಡೋ ತನಕ ನೀವೆಲ್ಲ ಸೇರಿ ಕೇಳ್ತಾ ಇರಬೇಕು. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇದ್ದಾರಲ್ಲ, ಗೌರವಧನಕ್ಕೆ ದುಡಿಯೋರು, ಅವರಲ್ಲಿ ಎಷ್ಟೋ ಜನ ಸ್ವತಃ ಅಂಗವಿಕಲರು. ಕಾರ್ಡು, ಪಿಂಚಣಿ ಅರ್ಜಿ ಬರೆಸೋದರ ಜೊತೆಗೆ ಈ ಹಾಳೆ ಬರೆಸೋದನ್ನೂ ಅವರಿಗೆ ಕಲಿಸಿ, ತಕ್ಕ ಸಂಬಳ ಕೊಡಬೇಕು ಅಂತ ನನ್ನ ಆಸೆ. ಆದರೆ ನಿಮ್ಮ ನಂತರ ಯಾರ ಮನೆಗೋ, ಯಾವ ಕೇಂದ್ರಕ್ಕೋ ಅವಳು ಹೋದಾಗ, ಅಲ್ಲಿರೋರಿಗೆ ಅವಳು ಯಾರು ಅಂತ ಗೊತ್ತಿರಬೇಕಲ್ಲ. ಈಗ ಅದೆಲ್ಲ ನಿಮ್ಮಿಬ್ಬರ ತಲೇಲಿ ಮಾತ್ರ ಇದೆ. ನೀವು ಹೋದರೆ ಅದೂ ಹೋಯ್ತು, ಉಳಿಯೋದು ಮೈಕ್ರೋಗ್ರಾಂ ಒಂದೇ.

ಮೇಷ್ಟ್ರು: ಬರೆದಿಟ್ಟು ಯಾರ ಕೈಗೆ ಕೊಡಲಿ?

ಶಿಷ್ಯೆ: ಅವಳನ್ನ ಕಂಡರೆ ಮುಖ ಅರಳೋರು ಯಾರು ಯಾರಿದ್ದಾರೆ?

ಮೇಷ್ಟ್ರು: ನನ್ನ ತಮ್ಮನ ಮಗಳಿದ್ದಾಳೆ, ಕುವೆಂಪುನಗರದಲ್ಲಿ. ಎದುರುಮನೆಯವರಿದ್ದಾರೆ. ಹೂವಿನವಳು. ಮೂಲೆ ಅಂಗಡಿಯ ಹುಡುಗ ಪುಟ್ಟಿ ಬಂದರೆ ಸ್ಟೂಲು ಹಾಕ್ತಾನೆ. ಆದರೆ ಇವರನ್ನೆಲ್ಲ ಕರೆದು ಸಭೆ ಮಾಡಿದ್ರೆ, ಎಲ್ಲಿ ನಮ್ಮ ತಲೆ ಮೇಲೆ ಬರುತ್ತೋ ಅಂತ ಹೆದರ್ತಾರಮ್ಮ.

ಶಿಷ್ಯೆ: ಸಭೆ ಅನ್ನಬೇಡಿ. ಭಾನುವಾರ ಬೆಳಿಗ್ಗೆ ತಿಂಡಿಗೆ ಕರೀರಿ. ನೋಡಿಕೊಳ್ತೀರಾ ಅಂತ ಯಾರನ್ನೂ ಕೇಳಬೇಡಿ. ಪುಟ್ಟಿ ಬಗ್ಗೆ ನಮಗೆ ಗೊತ್ತಿಲ್ಲದ್ದು ನಿಮಗೆ ಏನು ಗೊತ್ತು ಅಂತ ಕೇಳಿ. ಅಂಗಡಿ ಹುಡುಗನಿಗೆ ಖಂಡಿತ ಏನೋ ಗೊತ್ತಿರುತ್ತೆ. ಹೇಳಿದ್ದನ್ನ ಗೋಡೆಗೆ ಅಂಟಿಸಿದ ಹಾಳೇಲಿ ದೊಡ್ಡದಾಗಿ ಬರೀರಿ, ಬೋರ್ಡಿನ ಮೇಲೆ ನಿಮ್ಮ ಅಕ್ಷರ ನನಗಿನ್ನೂ ನೆನಪಿದೆ. ಆಮೇಲೆ ಒಬ್ಬೊಬ್ಬರನ್ನೂ ಅವರಿಂದ ಆಗೋ ಒಂದೊಂದು ಕೆಲಸ ಕೇಳಿ. ವಾರಕ್ಕೆ ಒಂದು ದಿನ ರಸ್ತೆ ದಾಟಿಸೋದೂ ಒಂದು ಕೆಲಸವೇ.

ಮೇಷ್ಟ್ರು: ಪುಟ್ಟೀನ ಆ ಹೊತ್ತಿಗೆ ಎಲ್ಲಿ ಬಿಡೋಣ? ಅವಳ ಎದುರಿಗೇ ಅವಳ ವಿಷಯ ಮಾತಾಡೋದು...

ಶಿಷ್ಯೆ: ಅವಳ ಎದುರಿಗೇ ಮಾತಾಡಬೇಕು. ಎದುರಿಗೆ ಹೇಳೋಕೆ ಆಗದ್ದನ್ನ ಹೇಳಲೇಬೇಡಿ. ಎಲ್ಲರಿಗೂ ಕಾಣೋ ಕಡೆ ಅವಳನ್ನ ಕೂರಿಸಿ, ಹಾಳೇಲಿ ಹೂವು, ಗೇಟು ಚಿತ್ರ ಬಿಡಿಸಿ ತೋರಿಸಿ. ಬೇಸರ ಆದ್ರೆ ಎದ್ದು ಹೋಗಲಿ. ಅವಳು ಎದ್ದು ಹೋದರೆ ಮಾತೂ ನಿಲ್ಲಬೇಕು, ವಾಪಸ್ ಬಂದ ಮೇಲೆ ಮುಂದುವರಿಸಬೇಕು.

ಮೇಷ್ಟ್ರು: ಹಾಗಾದ್ರೆ ಬೆಳಿಗ್ಗೆ ಆಗಲ್ಲಮ್ಮ. ಹತ್ತು ಗಂಟೆಗೆ ಅವಳು ಗೇಟಿನ ಹತ್ತಿರ ಇರ್ತಾಳೆ. ಸಂಜೆ ನಾಲ್ಕಕ್ಕೆ ಇಟ್ಟುಕೊಳ್ತೀನಿ, ಹೂವಿನವಳಿಗೂ ಅಷ್ಟು ಹೊತ್ತಿಗೆ ಬುಟ್ಟಿ ಖಾಲಿ ಆಗಿರುತ್ತೆ.